ಅಮ್ಮನ ಮಿತವ್ಯಯ ಮತ್ತು ರೋಜೆಯ ಪದನಿಧಿ

ಅಮೆರಿಕದಲ್ಲಿ ಉನ್ನತ ವ್ಯಾಸಂಗ ಮಾಡಬೇಕೆಂಬ ಹಂಬಲದಿಂದ ಜಿಆರ್‌ಇ ಪರೀಕ್ಷೆಗೆ ಸಿದ್ಧಳಾಗುತ್ತಿರುವ ನನ್ನ ತಂಗಿಯ ಮಗಳು ದಿನಕ್ಕೆ ಐವತ್ತು ಇಂಗ್ಲಿಷ್ ಪದಗಳನ್ನು ಸಮಾನಾರ್ಥಕಗಳ ಸಮೇತ ಕಂಠಪಾಠ ಮಾಡುತ್ತಾಳೆ. ಈಚೆಗೆ, ಪ್ರವೇಶದ ಅರ್ಜಿಗೆಂದು ಬರೆದ ಪ್ರಬಂಧವನ್ನು ನನಗೆ ಓದಲು ಕೊಟ್ಟಳು. ಅದರಲ್ಲಿ ತನ್ನ ಅಜ್ಜಿಯ ಬಗ್ಗೆ ಒಂದು ಪ್ಯಾರಾ ಇತ್ತು. ಒಂದೇ ಸಂಬಳದಲ್ಲಿ ಇಡೀ ಸಂಸಾರ ತೂಗಿಸಿದ ಆ ಅಜ್ಜಿಯನ್ನು ಅವಳು ‘ಪಾರ್ಸಿಮೋನಿಯಸ್’ ಎಂದು ಕರೆದಿದ್ದಳು. ಹೇಳಹೊರಟಿದ್ದು ಮಿತವ್ಯಯಿ ಎಂದು. ಕಾಗದದ ಮೇಲೆ ಮೂಡಿದ್ದು ಜಿಪುಣಿ ಎಂದು. ಆ ಅಜ್ಜಿ ನನ್ನ ತಾಯಿ. ಅವಳ ಕೈಪಿಡಿ ತೆರೆದು ನೋಡಿದೆ. ‘ಫ್ರೂಗಲ್’, ‘ಥ್ರಿಫ್ಟಿ’, ‘ಪಾರ್ಸಿಮೋನಿಯಸ್’, ‘ಸ್ಟಿಂಜಿ’ ನಾಲ್ಕೂ ಒಂದೇ ಸಾಲಿನಲ್ಲಿ, ನಡುವೆ ಅಲ್ಪವಿರಾಮಗಳೊಂದಿಗೆ ಕುಳಿತಿದ್ದವು.

ಇಂಥ ಪಟ್ಟಿಗಳಿಗೆಲ್ಲ ಮೂಲಪುರುಷನೆಂದು ಜನ ಹೆಸರಿಸುವುದು ಪೀಟರ್ ಮಾರ್ಕ್ ರೋಜೆಯನ್ನು. ಆತನ ‘ಥೆಸಾರಸ್’ ಇಂಗ್ಲಿಷ್ ಬಲ್ಲ ಅನೇಕರ ಮನೆಯ ಕಪಾಟಿನಲ್ಲಿದೆ. ಆತನ ಬದುಕು ಮಾತ್ರ ನಮ್ಮಲ್ಲಿ ಅಷ್ಟಾಗಿ ಪರಿಚಿತವಲ್ಲ.

ರೋಜೆ ಹುಟ್ಟಿದ್ದು 1779ರ ಜನವರಿ 18ರಂದು, ಲಂಡನ್ನಿನಲ್ಲಿ. ತಂದೆ ಜಿನೀವಾ ಮೂಲದ ಪಾದ್ರಿ. ಮಗನಿಗೆ ನಾಲ್ಕು ವರ್ಷ ತುಂಬಿದ್ದಾಗ ಕ್ಷಯರೋಗದಿಂದ ತೀರಿಕೊಂಡರು. ಆಮೇಲೆ ಒಂದೂರಿನಲ್ಲಿ ನೆಲೆ ನಿಲ್ಲದ ಬಾಳು. ದುಃಖ, ಆತಂಕಗಳಿಂದ ನಲುಗಿದ ತಾಯಿ. ಎಂಟರ ವಯಸ್ಸಿಗಾಗಲೇ ಹುಡುಗ ನೋಟ್‌ಬುಕ್ಕಿನಲ್ಲಿ ಪದಗಳ ಪಟ್ಟಿ ಬರೆಯತೊಡಗಿದ್ದ. ಸುತ್ತಲಿನ ಲೋಕ ಅಸ್ತವ್ಯಸ್ತವಾಗಿದ್ದಾಗ ಪದಗಳನ್ನಾದರೂ ಅವುಗಳ ಸ್ಥಾನದಲ್ಲಿ ಇಡಬಹುದಲ್ಲ!

ಹದಿನಾಲ್ಕರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯ ಸೇರಿದ ರೋಜೆ, 1798ರಲ್ಲಿ ಹತ್ತೊಂಬತ್ತು ತುಂಬಿದ್ದಾಗ ವೈದ್ಯ ಪದವಿ ಪಡೆದ. ಮ್ಯಾಂಚೆಸ್ಟರಿನ ಹತ್ತಿಗಿರಣಿ ಮಾಲೀಕನೊಬ್ಬನ ಇಬ್ಬರು ಮಕ್ಕಳಿಗೆ ಮೇಷ್ಟರಾಗಿ ಯುರೋಪಿನ ಪ್ರವಾಸ ಹೊರಟಾಗ, 1803ರಲ್ಲಿ ನೆಪೋಲಿಯನ್ ಇಂಗ್ಲಿಷರನ್ನು ಬಂಧಿಸುವ ಆಜ್ಞೆ ಹೊರಡಿಸಿದ. ಆಗ ಫ್ರಾನ್ಸಿನ ವಶದಲ್ಲಿದ್ದ ಜಿನೀವಾದಲ್ಲಿ ರೋಜೆ ಸಿಕ್ಕಿಕೊಂಡ. ತಂದೆಯ ಮೂಲವನ್ನು ಮುಂದಿಟ್ಟು ತಾನೂ ಜಿನೀವಾದ ಪ್ರಜೆಯೆಂದು ಸಾಧಿಸಿ, ಹುಡುಗರೊಂದಿಗೆ ತಪ್ಪಿಸಿಕೊಂಡು ಬಂದ.

ಮರುವರ್ಷ ಮ್ಯಾಂಚೆಸ್ಟರಿನ ಆಸ್ಪತ್ರೆಯಲ್ಲಿ ವೈದ್ಯನಾದ. 1805ರಲ್ಲಿ, ಬರೆಯುವಾಗ ತನಗೆ ನೆರವಾಗಲೆಂದು ಪದಗಳನ್ನು ಅರ್ಥಾನುಸಾರ ವಿಂಗಡಿಸಿದ ಒಂದು ಹಸ್ತಪ್ರತಿಯನ್ನು ಸಿದ್ಧಪಡಿಸಿಕೊಂಡ. ಮುಂದಿನ ಸುಮಾರು ಐದು ದಶಕ ಅದು ಆತನ ಖಾಸಗಿ ಸಂಗಾತಿಯಾಗಿಯೇ ಉಳಿಯಿತು.

ಆ ದಶಕಗಳು ಆತನಿಗೆ ಕೀರ್ತಿಯನ್ನೂ ಕೊಟ್ಟವು, ಕಷ್ಟವನ್ನೂ ಕೊಟ್ಟವು. ಲೆಕ್ಕಾಚಾರಕ್ಕೆ ಬಳಸುವ ಸ್ಲೈಡ್ ರೂಲಿಗೆ ಹೊಸ ಮಾಪಕವೊಂದನ್ನು ರೂಪಿಸಿ, 1815ರಲ್ಲಿ ರಾಯಲ್ ಸೊಸೈಟಿಯ ಸದಸ್ಯನಾದ. ಮುಂದೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಅದರ ಕಾರ್ಯದರ್ಶಿಯಾಗಿದ್ದ. ಸೀಳುಕಿಂಡಿಗಳ ಮೂಲಕ ನೋಡಿದಾಗ ಉರುಳುವ ಚಕ್ರದ ಅರೆಕಾಲುಗಳು ಬಾಗಿದಂತೆ ಕಾಣುವುದೇಕೆಂದು 1824ರಲ್ಲಿ ವಿವರಿಸಿದ. ಆದರೆ 1818ರಲ್ಲಿ, ತನಗೆ ತಂದೆಯ ಸ್ಥಾನದಲ್ಲಿದ್ದ ಸೋದರಮಾವ, ಕಾನೂನು ಸುಧಾರಕ ಸ್ಯಾಮ್ಯುಯೆಲ್ ರೊಮಿಲಿ, ಪತ್ನಿಯ ಅಗಲಿಕೆ ತಾಳದೆ ಆತ್ಮಹತ್ಯೆ ಮಾಡಿಕೊಂಡರು. ಅವರ ಆರೈಕೆಗೆ ನಿಂತಿದ್ದವನು ರೋಜೆಯೇ. 1833ರಲ್ಲಿ ಪತ್ನಿ ಮೇರಿ ಕ್ಯಾನ್ಸರಿಗೆ ಬಲಿಯಾದಳು. ಇಬ್ಬರು ಮಕ್ಕಳು ಉಳಿದರು.

ಕಾರ್ಯದರ್ಶಿ ಹುದ್ದೆಯಿಂದ ಇಳಿದ ಮೇಲೆ, ಎಪ್ಪತ್ತರ ಪ್ರಾಯದಲ್ಲಿ ರೋಜೆ ಆ ಹಳೆಯ ಹಸ್ತಪ್ರತಿಯನ್ನು ಮತ್ತೆ ಕೈಗೆತ್ತಿಕೊಂಡ. 1852ರಲ್ಲಿ ‘ಥೆಸಾರಸ್’ ಹೊರಬಂದಾಗ ಆತನಿಗೆ ಎಪ್ಪತ್ತಮೂರು. ಗ್ರೀಕ್ ಮೂಲದ ಆ ಪದದ ಅರ್ಥ ನಿಧಿ. ಪದಗಳು ಅಲ್ಲಿ ಅಕಾರಾದಿಯಾಗಿ ನಿಂತಿರಲಿಲ್ಲ. ಅಮೂರ್ತ ಸಂಬಂಧಗಳು, ದೇಶ, ದ್ರವ್ಯ, ಬುದ್ಧಿ, ಸಂಕಲ್ಪ, ಭಾವ ಎಂಬ ಆರು ವರ್ಗಗಳಲ್ಲಿ, ಸಾವಿರ ಶೀರ್ಷಿಕೆಗಳಡಿ ನೆಲೆಗೊಂಡಿದ್ದವು. ನಿಘಂಟು ಪದದಿಂದ ಅರ್ಥಕ್ಕೆ ಕರೆದೊಯ್ಯುತ್ತದೆ. ರೋಜೆಯದು ಅರ್ಥದಿಂದ ಪದಕ್ಕೆ ಸಾಗುವ ದಾರಿ. ಹೇಳಬೇಕಾದ ವಿಚಾರ ಮನಸ್ಸಿನಲ್ಲಿದ್ದು ಮಾತು ಸಿಗದೆ ತಡವರಿಸುವವನಿಗಾಗಿ ಆ ಪುಸ್ತಕ. ಒಂದೇ ಶೀರ್ಷಿಕೆಯಡಿಯ ಪದಗಳ ನಡುವಿನ ಸೂಕ್ಷ್ಮ ಭೇದಗಳನ್ನು ವಿವರಿಸುವ ಹೊಣೆಯನ್ನು ಆತ ಹೊರಲಿಲ್ಲ. ಆಯ್ಕೆಯ ವಿವೇಕವನ್ನು ಓದುಗನಿಗೇ ಬಿಟ್ಟ.

ಕುತೂಹಲದ ಸಂಗತಿಯೆಂದರೆ, ರೋಜೆ ತನ್ನ ಪೀಠಿಕೆಯಲ್ಲಿ ನಮ್ಮ ಅಮರಕೋಶವನ್ನೂ ಪ್ರಸ್ತಾಪಿಸುತ್ತಾನೆ. 1808ರಲ್ಲಿ ಸೆರಾಂಪುರದಲ್ಲಿ ಅಚ್ಚಾದ ಕೋಲ್‌ಬ್ರೂಕನ ಅನುವಾದ ಆತನಿಗೆ ತಿಳಿದಿತ್ತು; ಅದರ ವರ್ಗೀಕರಣ ತೃಪ್ತಿ ಕೊಟ್ಟಿರಲಿಲ್ಲ. ಆದರೆ ಅಮರಕೋಶವನ್ನು ಉರು ಹೊಡೆದ ಹಿಂದಿನ ವಿದ್ಯಾರ್ಥಿ ಅಲ್ಲಿಗೇ ನಿಲ್ಲುತ್ತಿರಲಿಲ್ಲ. ಮುಂದೆ ಕಾವ್ಯಪಾಠದಲ್ಲಿ ಅದೇ ಪದಗಳು ಸಂದರ್ಭಸಮೇತ ಎದುರಾಗುತ್ತಿದ್ದವು. ತೀರ್ಥವೂ ನೀರೇ, ಬಾಯಾರಿ ಬಂದವನಿಗೆ ಚೊಂಬಿನಲ್ಲಿ ಕೊಡುವುದನ್ನು ಮಾತ್ರ ಯಾರೂ ತೀರ್ಥ ಎನ್ನುವುದಿಲ್ಲ. ದೋಷ ಕಂಠಪಾಠದ್ದಲ್ಲ, ಕಂಠಪಾಠದಲ್ಲೇ ನಿಂತುಬಿಡುವುದರದ್ದು. ಜಿಆರ್‌ಇ ಕೂಡ 2011ರಲ್ಲಿ ಬಿಡಿಪದಗಳ ವಿರುದ್ಧಾರ್ಥ ಕೇಳುವ ಪ್ರಶ್ನೆಗಳನ್ನು ಕೈಬಿಟ್ಟು, ವಾಕ್ಯಕ್ಕೆ ಒಪ್ಪುವ ಪದಗಳನ್ನು ಆರಿಸುವ ಕ್ರಮಕ್ಕೆ ಬಂದಿತು. ಕೈಪಿಡಿಯ ಸಾಲುಗಳು ಮಾತ್ರ ಹಾಗೆಯೇ ಉಳಿದಿವೆ.

ಪ್ರಬಂಧ ಓದಿದ ಸಂಜೆ ರೋಜೆಯ ಪದನಿಧಿಯನ್ನು ತೆರೆದು ನೋಡಿದೆ. ಆತನ ಮೂಲ ಕ್ರಮದಲ್ಲಿ 817ನೆಯ ಶೀರ್ಷಿಕೆ ಮಿತವ್ಯಯ, 819 ಜಿಪುಣತನ. ಎರಡರ ನಡುವೆ 818ರಲ್ಲಿ ದುಂದುಗಾರಿಕೆ ನಿಂತಿದೆ. ಕೈಪಿಡಿ ಒಂದೇ ಸಾಲಿಗೆ ತಂದದ್ದನ್ನು ಆ ವೈದ್ಯ ಬೇರೆ ಬೇರೆ ಮನೆಗಳಲ್ಲಿ ಇರಿಸಿದ್ದ. 1869ರ ಸೆಪ್ಟೆಂಬರ್ 12ರಂದು, ತೊಂಬತ್ತನೆಯ ವಯಸ್ಸಿನಲ್ಲಿ ಆತ ತೀರಿಕೊಂಡ. ಪದಕೋಶದ ಪರಿಷ್ಕರಣೆಯನ್ನು ಮುಂದೆ ಮಗ, ಮೊಮ್ಮಗ ನಡೆಸಿದರು.

ಆ ಪುಟವನ್ನು ಹುಡುಗಿಗೆ ತೋರಿಸಿದೆ. ಅಜ್ಜಿ ಯಾವ ಮನೆಯವಳೆಂದು ಕೇಳಿದೆ. ತುಸು ಹೊತ್ತು ಸುಮ್ಮನಿದ್ದು, ಪದವನ್ನು ಹೊಡೆದುಹಾಕಿದಳು. ಅದರ ಜಾಗದಲ್ಲಿ ಇನ್ನೊಂದು ವಿಶೇಷಣವನ್ನು ಹಾಕಲಿಲ್ಲ. ಹಳೆಯ ಸೀರೆಗಳನ್ನು ಒಟ್ಟು ಸೇರಿಸಿ ಅಜ್ಜಿ ಹೊಲಿದ ಕೌದಿಯ ಬಗ್ಗೆ ಎರಡು ವಾಕ್ಯ ಬರೆದಳು. ನನ್ನ ತಾಯಿ ಆ ಎರಡು ವಾಕ್ಯಗಳಲ್ಲಿ ನನಗೆ ಕಂಡರು.