ಎಡಿಸನ್ ಬ್ಯಾಟರಿಗೆ ನಡೆದದ್ದು ನಿಮ್ಮ ಮನೆಯ ರೀಚಾರ್ಜ್ ಸೆಲ್‌ಗೆ ನಡೆಯುವುದಿಲ್ಲ

ರೀಚಾರ್ಜ್ ಸೆಲ್ಲನ್ನು ಪೂರ್ತಿ ಖಾಲಿ ಮಾಡಿಯೇ ಚಾರ್ಜಿಗೆ ಹಾಕಬೇಕು, ಇಲ್ಲದಿದ್ದರೆ ಅದರ 'ನೆನಪು' ಕೆಡುತ್ತದೆ ಎಂಬ ಸಲಹೆ ವಾಟ್ಸಾಪ್‌ನಲ್ಲಿ ಹರಿದಾಡುತ್ತಲೇ ಇದೆ. ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಓದುಗರೊಬ್ಬರು ಮಗುವಿನ ಆಟಿಕೆ ಕಾರಿನ ಸೆಲ್‌ಗೂ ಹೀಗೇ ಮಾಡಬೇಕೇ ಎಂದು ನಮ್ಮನ್ನು ಕೇಳಿದ್ದಾರೆ. ಬೇಡ. ಏಕೆಂದು ತಿಳಿಯಲು ಥಾಮಸ್ ಆಲ್ವಾ ಎಡಿಸನ್ ಬದುಕಿನ ಒಂದು ಅಧ್ಯಾಯ ನೋಡೋಣ.

1847ರಲ್ಲಿ ಅಮೆರಿಕದ ಓಹಾಯೋದಲ್ಲಿ ಹುಟ್ಟಿದ ಎಡಿಸನ್ ಶಾಲೆಗೆ ಹೋದದ್ದು ಕೆಲವೇ ತಿಂಗಳು; ಪಾಠ ಹೇಳಿದವರು ತಾಯಿ. ರೈಲಿನಲ್ಲಿ ಪತ್ರಿಕೆ ಮಾರಿದರು, ಆಮೇಲೆ ತಂತಿ ಕಚೇರಿ ಸೇರಿದರು. ಅಲ್ಲಿ ರಾತ್ರಿ ಪಾಳಿಯಲ್ಲಿ ಬ್ಯಾಟರಿ ಪ್ರಯೋಗ ಮಾಡುವಾಗ ಚೆಲ್ಲಿದ ಆಸಿಡ್ ಹಲಗೆ ಸಂದಿಯಿಂದ ಇಳಿದು ಮೇಲಧಿಕಾರಿಯ ಮೇಜಿಗೆ ತೊಟ್ಟಿಕ್ಕಿ, ಕೆಲಸವೇ ಹೋಯಿತು ಎಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಬಲ್ಬಿನ ಕಥೆ ಎಲ್ಲರಿಗೂ ಗೊತ್ತು, ಬಿಡೋಣ.

ಐವತ್ತು ದಾಟಿದ ಮೇಲೆ ಅವರಿಗೆ ಬ್ಯಾಟರಿ ಕಾರಿನ ಹುಚ್ಚು ಹಿಡಿಯಿತು. ಸೀಸ ಮತ್ತು ಆಸಿಡ್‌ನ ಬ್ಯಾಟರಿ ಭಾರವೆಂದು ಕ್ಷಾರದ ದ್ರಾವಣದಲ್ಲಿ ನಿಕ್ಕಲ್, ಕಬ್ಬಿಣ ಸೇರಿಸಿದರು. ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ 1899ರಲ್ಲೇ ನಿಕ್ಕಲ್ ಮತ್ತು ಕ್ಯಾಡ್ಮಿಯಂ ಬ್ಯಾಟರಿ ಮಾಡಿದ್ದರು. ಆದ್ದರಿಂದ ಪೂರ್ತಿ ಶ್ರೇಯ ಎಡಿಸನ್‌ಗೇ ಕೊಡುವುದು ನಮಗೆ ಸರಿ ಕಾಣುವುದಿಲ್ಲ. ಎಡಿಸನ್‌ರ ಮೊದಲ ಬ್ಯಾಟರಿಗಳು ಸೋರಿದವು, ಶಕ್ತಿ ಕಳೆದುಕೊಂಡವು. ತಯಾರಿಕೆ ನಿಲ್ಲಿಸಿ ವರ್ಷಗಟ್ಟಲೆ ತಿದ್ದಿದರು. 1909ರಲ್ಲಿ ಗಟ್ಟಿ ಬ್ಯಾಟರಿ ಬಂತು. ಆದರೆ ಹಿಂದಿನ ವರ್ಷವೇ ಫೋರ್ಡ್‌ನ ಪೆಟ್ರೋಲ್ ಕಾರು ಬಂದಾಗಿತ್ತು. ಎಡಿಸನ್ ಬ್ಯಾಟರಿ ಗಣಿ ದೀಪಕ್ಕೆ, ರೈಲ್ವೆಗೆ ಹೋಯಿತು. ಖಾಲಿ ಬಿಟ್ಟರೂ, ಹೆಚ್ಚು ಚಾರ್ಜ್ ಮಾಡಿದರೂ ತಡೆಯುತ್ತಿತ್ತು. 1931ರಲ್ಲಿ ಎಡಿಸನ್ ತೀರಿಕೊಂಡರು.

ಇಂದಿನ ನಿಕ್ಕಲ್ ಮೆಟಲ್ ಹೈಡ್ರೈಡ್ ಸೆಲ್ ಅದೇ ಮನೆತನದ್ದು. ನಿಕ್ಕಲ್, ಕ್ಷಾರ ಎರಡೂ ಉಳಿದಿವೆ. ಕಬ್ಬಿಣದ ಜಾಗಕ್ಕೆ ಹೈಡ್ರೋಜನ್ ಹೀರುವ ಮಿಶ್ರಲೋಹ ಬಂದಿದೆ. ಆ ಸಹನೆ ಮಾತ್ರ ಬಂದಿಲ್ಲ. 'ನೆನಪಿನ' ತೊಂದರೆ ಮುಖ್ಯವಾಗಿ ಕ್ಯಾಡ್ಮಿಯಂ ಸೆಲ್‌ನದು, ಇದರಲ್ಲಿ ಅಲ್ಪ. ಮೊಬೈಲಿನ ಲಿಥಿಯಂ ಬ್ಯಾಟರಿಗೂ ಖಾಲಿ ಮಾಡುವ ಸಲಹೆ ಬೇಕಿಲ್ಲ.

ಆಟಿಕೆ ಕಾರು ನಿಧಾನವಾದ ಕೂಡಲೇ ಸೆಲ್ ತೆಗೆಯಿರಿ. ಸಾಲಾಗಿರುವ ನಾಲ್ಕರಲ್ಲಿ ಒಂದು ಮೊದಲು ಖಾಲಿಯಾದರೆ, ಉಳಿದ ಮೂರರ ಕರೆಂಟ್ ಅದರ ಮೂಲಕವೇ ಹರಿದು ಪ್ಲಸ್, ಮೈನಸ್ ಅದಲುಬದಲಾಗಿ ಅದು ಕೆಡುತ್ತದೆ. 2000 ಎಂಎಎಚ್ ಸೆಲ್ 200 ಮಿಲಿಆಂಪಿಯರ್ ಚಾರ್ಜರಿನಲ್ಲಿ ತುಂಬಲು 14ರಿಂದ 16 ಗಂಟೆ ಬೇಕು. ಸ್ವಲ್ಪ ಭಾಗ ಶಾಖವಾಗಿ ಹೋಗುವುದರಿಂದ 10 ಗಂಟೆ ಸಾಲದು. ತುಂಬಿದಾಗ ವೋಲ್ಟೇಜ್ ತುಸು ಇಳಿಯುತ್ತದೆ, ಸೆಲ್ ಬಿಸಿಯಾಗುತ್ತದೆ. ಸ್ಮಾರ್ಟ್ ಚಾರ್ಜರ್ ಇದನ್ನು ಗುರುತಿಸಿ ತಾನೇ ನಿಲ್ಲಿಸುತ್ತದೆ, ಅಗ್ಗದ್ದು ನಿಲ್ಲಿಸದಿರಬಹುದು. ಗಡಿಯಾರ, ರಿಮೋಟಿನ ಮಾಮೂಲಿ ಸೆಲ್ ಮಾತ್ರ ಇದರಲ್ಲಿ ಹಾಕಲೇಬೇಡಿ, ಸೋರಬಹುದು, ಸಿಡಿಯಲೂಬಹುದು.