ಕಲ್ಲನ್ನು ಪುಡಿಮಾಡಿ ಸಾವನ್ನು ಲೆಕ್ಕಕ್ಕಿಟ್ಟ ವೈದ್ಯ ಝಾನ್ ಸಿವಿಯಾಲ್

ಮೂತ್ರಾಶಯದಲ್ಲಿ ಕಲ್ಲು ಕಟ್ಟುವುದು ಮನುಕುಲದ ಅತಿ ಹಳೆಯ ಬಾಧೆಗಳಲ್ಲಿ ಒಂದು. ನಮ್ಮ ಸುಶ್ರುತ ಸಂಹಿತೆ ಇದನ್ನು ಅಶ್ಮರಿ ಎಂದು ಕರೆದು, ಶಸ್ತ್ರದಿಂದ ಹೊರತೆಗೆಯುವ ಕ್ರಮವನ್ನು ವಿವರಿಸಿದೆ. ಜತೆಗೇ, ನುರಿತ ವೈದ್ಯನ ಕೈಯಲ್ಲೂ ಫಲ ಅನಿಶ್ಚಿತವಾದ್ದರಿಂದ ಬೇರೆ ದಾರಿಯಿಲ್ಲದಾಗ ಮಾತ್ರ, ಅದೂ ಒಡೆಯನ ಅನುಮತಿ ಪಡೆದು ಶಸ್ತ್ರ ಹಿಡಿಯಬೇಕೆಂದು ಎಚ್ಚರಿಸಿದೆ. ಗ್ರೀಸ್ ದೇಶದ ಹಿಪೊಕ್ರಟಿಸನ ಹೆಸರಿನ ಪ್ರತಿಜ್ಞೆಯೂ ಕಲ್ಲಿಗಾಗಿ ಕೊಯ್ಯುವ ಕೆಲಸವನ್ನು ಆ ಕಸುಬಿನವರಿಗೇ ಬಿಡಬೇಕೆನ್ನುತ್ತದೆ. ಎರಡು ನಾಗರಿಕತೆಗಳಿಗೂ ಇದ್ದ ಭಯ ಒಂದೇ. ಆದರೆ ಕೊಯ್ಸಿಕೊಂಡವರಲ್ಲಿ ಸಾಯುವವರೆಷ್ಟು, ಉಳಿಯುವವರೆಷ್ಟು ಎಂಬ ಪ್ರಶ್ನೆಗೆ ಸಾವಿರಾರು ರೋಗಿಗಳ ಲೆಕ್ಕವಿಟ್ಟು ಉತ್ತರ ಹುಡುಕಿದ ಕೀರ್ತಿ 19ನೇ ಶತಮಾನದ ಫ್ರೆಂಚ್ ಶಸ್ತ್ರವೈದ್ಯ ಝಾನ್ ಸಿವಿಯಾಲ್‌ಗೆ ಸಲ್ಲುತ್ತದೆ.

ಸಿವಿಯಾಲ್ ಜನಿಸಿದ್ದು 1792ರಲ್ಲಿ, ಫ್ರಾನ್ಸಿನ ಒವೆರ್ನ್ ಪ್ರಾಂತ್ಯದ ಗುಡ್ಡಗಾಡಿನ ಹಳ್ಳಿಯೊಂದರಲ್ಲಿ. ವೈದ್ಯ ಶಿಕ್ಷಣಕ್ಕೆಂದು ಪ್ಯಾರಿಸ್ ಸೇರಿದ ಆತ, ಅಂದಿನ ಶಸ್ತ್ರಚಿಕಿತ್ಸಾ ಲೋಕದ ಚಕ್ರವರ್ತಿ ಎನಿಸಿದ್ದ ಡ್ಯುಪುಯ್ತ್ರೆನ್ ಅವರ ಬಳಿ ಪಳಗಿದ. ಆಗಿನ್ನೂ ಅರಿವಳಿಕೆ ಬಂದಿರಲಿಲ್ಲ. ಈಥರ್ ಬಳಕೆ ಲೋಕಕ್ಕೆ ತಿಳಿದದ್ದು 1846ರಲ್ಲಿ. ರೋಗಿಯನ್ನು ಬಲವಾಗಿ ಹಿಡಿದುಕೊಂಡು, ಪೂರ್ಣ ಎಚ್ಚರವಿರುವಾಗಲೇ ಕೊಯ್ದು ಕಲ್ಲನ್ನು ತೆಗೆಯಬೇಕಿತ್ತು. ನೋವನ್ನು ತಡೆದುಕೊಂಡವರೂ ಮುಂದೆ ರಕ್ತಸ್ರಾವಕ್ಕೋ ನಂಜಿಗೋ ಬಲಿಯಾಗುವುದು ಸಾಮಾನ್ಯವಾಗಿತ್ತು.

ಕೊಯ್ಯದೆಯೇ ಕಲ್ಲನ್ನು ತೆಗೆಯಲಾಗದೇ ಎಂಬ ಯೋಚನೆ ವಿದ್ಯಾರ್ಥಿ ದೆಸೆಯಲ್ಲೇ ಸಿವಿಯಾಲ್‌ನ ತಲೆಹೊಕ್ಕಿತು. ಕಲ್ಲನ್ನು ಒಳಗೇ ಕರಗಿಸುವುದು ಮೊದಲ ಆಲೋಚನೆ. ಅದು ಫಲಿಸದಾಗ ಒಳಗೇ ಪುಡಿಮಾಡುವ ದಾರಿ ಹಿಡಿದ. ಮೂತ್ರನಾಳದ ಮೂಲಕ ನೇರವಾದ ಲೋಹದ ಕೊಳವೆಯೊಂದನ್ನು ಒಳಸೇರಿಸುವುದು, ಅದರ ತುದಿಯ ಮೂರು ಉಗುರುಗಳಿಂದ ಕಲ್ಲನ್ನು ಹಿಡಿಯುವುದು, ನಡುವಿನ ಬೈರಿಗೆಯಿಂದ ಕೊರೆದು ಚೂರು ಮಾಡುವುದು ಈ ಸಾಧನದ ಕ್ರಮ. ಚೂರುಗಳು ಮೂತ್ರದೊಡನೆ ಹೊರಬೀಳುತ್ತಿದ್ದವು. 1824ರ ಜನವರಿ 13ರಂದು ಪ್ಯಾರಿಸ್‌ನಲ್ಲಿ, ವಿಜ್ಞಾನ ಅಕಾಡೆಮಿ ನೇಮಿಸಿದ್ದ ಪೆರ್ಸಿ ಮತ್ತು ಶೋಸಿಯೆ ಅವರ ಸಮ್ಮುಖದಲ್ಲಿ ಆತ ಇದನ್ನು ಮಾಡಿ ತೋರಿಸಿದ. ಲಿಥೋಟ್ರಿಟಿ ಎಂಬ ಹೆಸರಿನಿಂದ ಅದು ಯುರೋಪಿನಲ್ಲೆಲ್ಲ ಹಬ್ಬಿತು. ಇದು ಒಬ್ಬನೇ ಕಂಡ ಕನಸಾಗಿರಲಿಲ್ಲ. ಬವೇರಿಯಾದ ಗ್ರುಯಿಟ್‌ಹೌಸೆನ್ ಮೊದಲೇ ಇಂಥ ಸಾಧನವನ್ನು ಕಲ್ಪಿಸಿದ್ದ. ತಾನೇ ಮೊದಲಿಗನೆಂದು ಲೆರ್ವಾ ದೆತಿಯೋಲ್ ವರ್ಷಗಟ್ಟಲೆ ವಾದಿಸಿದ. ಆದರೆ ಬದುಕಿರುವ ರೋಗಿಯಲ್ಲಿ ಅದನ್ನು ಸಾಧಿಸಿ ತೋರಿದವನು ಸಿವಿಯಾಲ್.

ಕೆಲವೇ ವರ್ಷಗಳಲ್ಲಿ ಪ್ಯಾರಿಸ್‌ನ ನೆಕ್ಕೇರ್ ಆಸ್ಪತ್ರೆಯಲ್ಲಿ ಕಲ್ಲಿನ ರೋಗಿಗಳಿಗೆಂದೇ ಮೀಸಲಾದ ಹಾಸಿಗೆಗಳು ಆತನ ವಶಕ್ಕೆ ಬಂದವು. ಮೂತ್ರರೋಗಗಳಿಗೆ ಮೀಸಲಾದ ಜಗತ್ತಿನ ಮೊದಲ ಆಸ್ಪತ್ರೆ ವಿಭಾಗ ಇದೆಂದು ವೈದ್ಯಚರಿತ್ರೆ ಗುರುತಿಸುತ್ತದೆ. ದೂರದ ದೇಶಗಳ ವೈದ್ಯರು ಅಲ್ಲಿಗೆ ಬಂದು, ಕಣ್ಣಿಗೆ ಕಾಣದ ಕಲ್ಲನ್ನು ಕೈಯ ಸ್ಪರ್ಶದಿಂದಲೇ ಅರಿಯುವ ವಿದ್ಯೆಯನ್ನು ಕಲಿತರು. ಮೂತ್ರಾಶಯದೊಳಗನ್ನು ಕಣ್ಣಾರೆ ನೋಡಲು ಅನುವಾದ ನಿಟ್ಸೆಯ ಸಿಸ್ಟೋಸ್ಕೋಪ್ ಬರಲು ಇನ್ನೂ ಅರ್ಧ ಶತಮಾನ ಕಾಯಬೇಕಿತ್ತು!

ಸಿವಿಯಾಲ್‌ನ ನಿಜವಾದ ಹಿರಿಮೆ ಕಾಣುವುದು ಮುಂದಿನ ಕೆಲಸದಲ್ಲಿ. ತನ್ನ ವಿಧಾನವೇ ಮೇಲೆಂದು ಬಾಯಿಮಾತಿನಲ್ಲಿ ಹೇಳಿ ಆತ ಸುಮ್ಮನಾಗಲಿಲ್ಲ. ಯುರೋಪಿನ ನಾನಾ ಆಸ್ಪತ್ರೆಗಳಿಂದ ಐದು ಸಾವಿರಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳ ಲೆಕ್ಕವನ್ನು ತರಿಸಿಕೊಂಡ. ಕೊಯ್ಸಿಕೊಂಡವರಲ್ಲಿ ಹೆಚ್ಚುಕಡಿಮೆ ಐವರಿಗೊಬ್ಬರು ಸತ್ತಿದ್ದರು; ತನ್ನ ವಿಧಾನಕ್ಕೆ ಒಳಗಾದವರಲ್ಲಿ ಸತ್ತವರು ನೂರಕ್ಕೆ ಎರಡು-ಮೂರು ಮಂದಿ ಎಂದು ತೋರಿಸಿದ.

ಈ ಲೆಕ್ಕವನ್ನು ಪರಿಶೀಲಿಸಲು ಅಕಾಡೆಮಿ ನೇಮಿಸಿದ ಸಮಿತಿಯಲ್ಲಿ ಸುಪ್ರಸಿದ್ಧ ಗಣಿತಜ್ಞ ಪ್ವಾಸೋನ್ ಇದ್ದರು. ನೆಪೋಲಿಯನ್ನನ ಸೇನೆಯ ಶಸ್ತ್ರವೈದ್ಯನಾಗಿದ್ದ ಲಾರ್ರೇ ಕೂಡ ಇದ್ದರು. 1835ರಲ್ಲಿ ಬಂದ ವರದಿ ಮೆಚ್ಚುಗೆಗಿಂತ ಹೆಚ್ಚಾಗಿ ಸಂದೇಹವನ್ನೇ ವ್ಯಕ್ತಪಡಿಸಿತು. ಅಂಕಿ-ಅಂಶವು ವ್ಯಕ್ತಿಯ ವೈಶಿಷ್ಟ್ಯವನ್ನು ಕಳಚಿಹಾಕುತ್ತದೆ, ವೈದ್ಯನ ಮುಂದಿರುವುದಾದರೋ ಸದಾ ಒಬ್ಬ ವ್ಯಕ್ತಿ ಎಂಬುದು ಅದರ ತಿರುಳು. ಸುಲಭದ ಕಲ್ಲುಗಳು ಪುಡಿಮಾಡುವವನ ಪಾಲಿಗೂ ಕಠಿಣವಾದವು ಕೊಯ್ಯುವವನ ಪಾಲಿಗೂ ಬಂದರೆ ಹೋಲಿಕೆ ನ್ಯಾಯವಾಗದೆಂಬ ಆಕ್ಷೇಪವೂ ಇತ್ತು. ಇವು ತಳ್ಳಿಹಾಕುವಂಥ ಮಾತುಗಳಲ್ಲ. ಆದರೆ ಲೆಕ್ಕವೇ ಇಲ್ಲದಿದ್ದರೆ ಗುರುವಿನ ಖ್ಯಾತಿಯೇ ಶಿಷ್ಯನಿಗೆ ಪ್ರಮಾಣ, ವೈದ್ಯನ ಧೈರ್ಯವೇ ರೋಗಿಗೆ ಭರವಸೆ ಆಗಿಬಿಡುತ್ತಿತ್ತು.

1867ರಲ್ಲಿ ಸಿವಿಯಾಲ್ ಪ್ಯಾರಿಸ್‌ನಲ್ಲಿ ನಿಧನನಾದ. ಅದೇ ನೆಕ್ಕೇರ್ ವಿಭಾಗವನ್ನು ವಹಿಸಿಕೊಂಡ ಫೆಲಿಕ್ಸ್ ಗಿಯೋನ್, 1890ರಲ್ಲಿ ಪ್ಯಾರಿಸ್ ವೈದ್ಯ ವಿದ್ಯಾಲಯದಲ್ಲಿ ಮೂತ್ರರೋಗಗಳ ಪೀಠಕ್ಕೆ ಮೊದಲ ಪ್ರಾಧ್ಯಾಪಕರಾದರು. ಸಿವಿಯಾಲ್‌ನಿಂದ ಕಲಿತ ಇಂಗ್ಲೆಂಡಿನ ಹೆನ್ರಿ ಥಾಂಪ್ಸನ್, 1863ರಲ್ಲಿ ಬೆಲ್ಜಿಯಂ ದೊರೆ ಒಂದನೇ ಲಿಯೊಪೋಲ್ಡನನ್ನು ಇದೇ ವಿಧಾನದಿಂದ ಗುಣಪಡಿಸಿ ಹೆಸರಾದ. ಅದೇ ಥಾಂಪ್ಸನ್ 1873ರ ಜನವರಿಯಲ್ಲಿ ಪದಚ್ಯುತ ಚಕ್ರವರ್ತಿ ಮೂರನೇ ನೆಪೋಲಿಯನ್ನನ ಕಲ್ಲನ್ನು ಪುಡಿಮಾಡತೊಡಗಿದಾಗ, ಚಿಕಿತ್ಸೆ ಮುಗಿಯುವ ಮೊದಲೇ ರೋಗಿ ತೀರಿಕೊಂಡ. ನೂರರಲ್ಲಿ ಎರಡು-ಮೂರು ಎಂಬ ಸಂಖ್ಯೆಯೊಳಗೆ ಒಬ್ಬ ಚಕ್ರವರ್ತಿಯೂ ಸೇರಿಹೋಗಬಹುದೆಂದು ಲೋಕ ಆಗ ಕಂಡಿತು.

ಇಂದು ಯಾವ ಊರಿನ ಯುರಾಲಜಿ ವಿಭಾಗದಲ್ಲಾದರೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ, ಇದರಲ್ಲಿ ಅಪಾಯವೆಷ್ಟು ಎಂದು ಕೇಳುವ ಹಕ್ಕು ರೋಗಿಗಿದೆ. ತಿಳಿಯುವಂತೆ ಉತ್ತರಿಸುವ ಹೊಣೆ ವೈದ್ಯನದು. ಆ ಉತ್ತರದಲ್ಲಿ ಸಿವಿಯಾಲ್‌ನ ಲೆಕ್ಕವೂ ಬೇಕು, ಎದುರಿಗಿರುವ ವ್ಯಕ್ತಿಯನ್ನು ಮರೆಯಬೇಡಿರೆಂಬ ಆತನ ವಿಮರ್ಶಕರ ಎಚ್ಚರವೂ ಬೇಕು.