ಬಯಲು ಉಳಿಸಿ ಮನೆ ಕಟ್ಟಿದ ಚಾರ್ಲ್ಸ್ ಈಮ್ಸ್

ಮರಾಠಿಯಲ್ಲಿ ತಾಂಬ್ಯಾ, ಕನ್ನಡದಲ್ಲಿ ತಂಬಿಗೆ. ಸೊಲ್ಲಾಪುರ, ಅಕ್ಕಲಕೋಟ, ಮಂಗಳವೇಢೆ ಭಾಗದ ಯಾವ ಮನೆಗೆ ಹೋದರೂ ಮೊದಲು ಎದುರಾಗುವುದು ಇದೇ. ಬೀಗರು ಬಂದರೆ ನೀರು ಕೊಡುವುದು ಇದರಲ್ಲಿ, ಹೊಲಕ್ಕೆ ಬುತ್ತಿಯ ಜೊತೆ ಹೋಗುವುದು ಇದು, ಪೂಜೆಯಲ್ಲಿ ಕಳಸವಾಗಿ ಕೂರುವುದೂ ಇದೇ. ದಿನಾ ಕೈಯಲ್ಲಿ ಹಿಡಿಯುವ ವಸ್ತುವಾದ್ದರಿಂದ ಅದರ ಕಡೆ ಯಾರೂ ತಿರುಗಿ ನೋಡುವುದಿಲ್ಲ.

ತಿರುಗಿ ನೋಡಿದವರು ಅಮೆರಿಕದಿಂದ ಬಂದ ಒಬ್ಬ ದಂಪತಿ. 1958ರಲ್ಲಿ ಭಾರತ ಸರ್ಕಾರದ ಆಹ್ವಾನದ ಮೇಲೆ ದೇಶ ಸುತ್ತಿದ ಚಾರ್ಲ್ಸ್ ಈಮ್ಸ್ ಮತ್ತು ಅವರ ಪತ್ನಿ ರೇ ಈಮ್ಸ್, ಇಲ್ಲಿ ಕಂಡ ವಸ್ತುಗಳಲ್ಲೆಲ್ಲ ಈ ತಂಬಿಗೆಯನ್ನೇ ಬಹುವಾಗಿ ಮೆಚ್ಚಿ ತಮ್ಮ ವರದಿಯಲ್ಲಿ ಬರೆದರು. ಜಗತ್ತಿಗೆ ಹೊಸ ಬಗೆಯ ಕುರ್ಚಿ ಕೊಟ್ಟವರು, ಕಬ್ಬಿಣ ಮತ್ತು ಗಾಜಿನಲ್ಲಿ ತಮ್ಮ ಮನೆಯನ್ನು ತಾವೇ ರೂಪಿಸಿ ಕಟ್ಟಿಕೊಂಡವರು ಇವರು. ಇಂಥವರ ಕಣ್ಣು ತಂಬಿಗೆಯ ಮೇಲೆ ಯಾಕೆ ನಿಂತಿತು? ಉತ್ತರ ಅವರ ಬದುಕಿನಲ್ಲಿದೆ, ಅದಕ್ಕಿಂತ ಹೆಚ್ಚಾಗಿ ಅವರ ಮನೆಯಲ್ಲಿದೆ.

ಕಬ್ಬಿಣದ ಕಾರ್ಖಾನೆಯ ಹುಡುಗ

ಚಾರ್ಲ್ಸ್ ಈಮ್ಸ್ ಹುಟ್ಟಿದ್ದು 1907ರ ಜೂನ್ 17ರಂದು, ಅಮೆರಿಕದ ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ನಗರದಲ್ಲಿ. ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು. ಶಾಲೆಗೆ ಹೋಗುತ್ತಲೇ ಉಕ್ಕಿನ ಕಾರ್ಖಾನೆಯಲ್ಲಿ ದುಡಿದರು. ಕಬ್ಬಿಣದ ತೊಲೆ ಹೇಗೆ ತಯಾರಾಗುತ್ತದೆ, ಎಷ್ಟು ಭಾರ ಹೊರುತ್ತದೆ ಎಂಬುದು ಪುಸ್ತಕಕ್ಕಿಂತ ಮೊದಲೇ ಅವರಿಗೆ ಕೈಯಿಂದ ತಿಳಿದಿತ್ತು.

ಮುಂದೆ ಊರಿನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪ ಓದಲು ಸೇರಿದರೂ ಅಲ್ಲಿ ಬಹಳ ಕಾಲ ನಿಲ್ಲಲಿಲ್ಲ, ಪದವಿ ಪಡೆಯಲಿಲ್ಲ. 1929ರಲ್ಲಿ ಕ್ಯಾಥರೀನ್ ಅವರನ್ನು ಮದುವೆಯಾದರು, ಮರುವರ್ಷ ಮಗಳು ಲೂಸಿಯಾ ಹುಟ್ಟಿದಳು. ಅಷ್ಟರಲ್ಲಿ ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತ. ಮನೆ ಕಟ್ಟಿಸುವವರೇ ಇಲ್ಲ ಎಂದ ಮೇಲೆ ವಾಸ್ತುಶಿಲ್ಪಿಗೆ ಎಲ್ಲಿಯ ಕೆಲಸ? ಕೈಯಲ್ಲಿ ಕಾಸಿಲ್ಲದೆ ಮೆಕ್ಸಿಕೋಗೆ ಹೋಗಿ, ಹೊಟ್ಟೆಪಾಡಿಗೆ ಚಿತ್ರ ಬರೆದು, ಸಿಕ್ಕ ಕೆಲಸ ಮಾಡಿ ತಿಂಗಳುಗಟ್ಟಲೆ ಕಳೆದರು. ಎಷ್ಟು ಕಡಿಮೆಯಲ್ಲಿ ಬದುಕಬಹುದು ಎಂಬ ಪಾಠವನ್ನು ಅಲ್ಲಿ ಕಲಿತರು. ಹಳ್ಳಿಗರು ಕೈಯಿಂದ ಮಾಡುವ ಆಟಿಕೆ, ಬಟ್ಟೆ, ಮಡಕೆಗಳ ಮೇಲಿನ ಪ್ರೀತಿಯೂ ಕೊನೆಯವರೆಗೆ ಉಳಿಯಿತು.

1938ರಲ್ಲಿ ಮಿಷಿಗನ್ ರಾಜ್ಯದ ಕ್ರ್ಯಾನ್‌ಬ್ರೂಕ್ ಕಲಾಶಾಲೆಯಿಂದ ಕರೆ ಬಂತು. ಅಲ್ಲಿ ಗೆಳೆಯರಾದ ಏರೋ ಸಾರಿನೆನ್ ಜೊತೆ ಸೇರಿ ರೂಪಿಸಿದ ಕುರ್ಚಿಗಳಿಗೆ ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯದ ಸ್ಪರ್ಧೆಯಲ್ಲಿ ಬಹುಮಾನ ಸಿಕ್ಕಿತು. ಆ ಕೆಲಸಕ್ಕೆ ಕೈಜೋಡಿಸಿದವರಲ್ಲಿ ರೇ ಕೈಸರ್ ಎಂಬ ಚಿತ್ರ ಕಲಾವಿದೆಯೂ ಇದ್ದರು. 1912ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೋದಲ್ಲಿ ಹುಟ್ಟಿದ ಇವರು ನ್ಯೂಯಾರ್ಕಿನಲ್ಲಿ ಹ್ಯಾನ್ಸ್ ಹಾಫ್‌ಮನ್ ಬಳಿ ಚಿತ್ರಕಲೆ ಕಲಿತವರು. ಮೊದಲ ಮದುವೆ ಮುರಿದ ಮೇಲೆ, 1941ರ ಜೂನ್‌ನಲ್ಲಿ ಚಾರ್ಲ್ಸ್ ರೇ ಅವರ ಕೈ ಹಿಡಿದರು. ಇಬ್ಬರೂ ಲಾಸ್ ಏಂಜಲೀಸ್‌ಗೆ ಬಂದು ನೆಲೆಸಿದರು.

ಮಲಗುವ ಕೋಣೆಯೇ ಕಾರ್ಖಾನೆ

ಬಾಡಿಗೆ ಮನೆಯ ಒಂದು ಕೋಣೆಯಲ್ಲಿ ದಂಪತಿ ಸ್ವಂತ ಯಂತ್ರವೊಂದನ್ನು ಕೂರಿಸಿದರು. ತೆಳುವಾದ ಮರದ ಹಾಳೆಗಳಿಗೆ ಅಂಟು ಹಚ್ಚಿ, ಬಿಸಿ ಮತ್ತು ಒತ್ತಡ ಕೊಟ್ಟು ಬಗ್ಗಿಸುವ ಯಂತ್ರ ಅದು. ಬೆನ್ನಿಗೂ ಸೊಂಟಕ್ಕೂ ಹೊಂದುವ ಕುರ್ಚಿಯನ್ನು ಪ್ಲೈವುಡ್‌ನಲ್ಲಿ, ಸಾಮಾನ್ಯರ ಕೈಗೆಟುಕುವ ಬೆಲೆಯಲ್ಲಿ ಮಾಡಬೇಕೆಂಬುದು ಅವರ ಹಟ.

ಮೊದಲು ಆದದ್ದು ಕುರ್ಚಿಯಲ್ಲ, ದಬ್ಬೆ. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರ ಕಾಲಿಗೆ ಕಟ್ಟುತ್ತಿದ್ದ ಲೋಹದ ದಬ್ಬೆ ಸಾಗಿಸುವಾಗ ಅದುರಿ ಗಾಯವನ್ನು ಹೆಚ್ಚಿಸುತ್ತಿತ್ತು. ಈಮ್ಸ್ ದಂಪತಿ ಕಾಲಿನ ಆಕಾರಕ್ಕೇ ಬಗ್ಗಿಸಿದ ಪ್ಲೈವುಡ್ ದಬ್ಬೆ ಮಾಡಿಕೊಟ್ಟರು. ಅಮೆರಿಕದ ನೌಕಾಪಡೆಗಾಗಿ ಇಂಥ ಸುಮಾರು 1,50,000 ದಬ್ಬೆಗಳು ತಯಾರಾದವು. ಯುದ್ಧ ಮುಗಿದ ಮೇಲೆ ಅದೇ ವಿದ್ಯೆಯಿಂದ ಪ್ಲೈವುಡ್ ಕುರ್ಚಿಗಳು ಬಂದವು.

1950ರಲ್ಲಿ ಫೈಬರ್‌ಗ್ಲಾಸ್‌ನ ಒಂದೇ ಚಿಪ್ಪಿನ ಕುರ್ಚಿ ಮಾರುಕಟ್ಟೆಗೆ ಬಂತು. 1956ರಲ್ಲಿ ತೊಗಲಿನ ದಿಂಬಿನ ಆರಾಮ ಕುರ್ಚಿ, 1962ರಲ್ಲಿ ವಿಮಾನ ನಿಲ್ದಾಣಕ್ಕಾಗಿ ಸಾಲು ಕುರ್ಚಿ ಬಂದವು. ಬಸ್ ನಿಲ್ದಾಣದಲ್ಲಿ, ದವಾಖಾನೆಯಲ್ಲಿ ಒಂದೇ ಸರಳಿಗೆ ಜೋಡಿಸಿದ ಕುರ್ಚಿಗಳಲ್ಲಿ ಕೂತು ಕಾಯುವವರು ಆ ವಿಚಾರದ ದೂರದ ನೆಂಟರ ಮೇಲೇ ಕೂತಿರುತ್ತಾರೆ.

ಕಬ್ಬಿಣ ಬರಲಿಲ್ಲ, ಬುದ್ಧಿ ಬಂತು

1945ರಲ್ಲಿ ಜಾನ್ ಎಂಟೆನ್ಜಾ ಎಂಬ ಸಂಪಾದಕರು ತಮ್ಮ ವಾಸ್ತುಶಿಲ್ಪ ಪತ್ರಿಕೆಯ ಮೂಲಕ ಒಂದು ಯೋಜನೆ ಆರಂಭಿಸಿದರು. ಯುದ್ಧದಿಂದ ಮರಳುವ ಲಕ್ಷಾಂತರ ಜನರಿಗೆ ಮನೆ ಬೇಕು. ಹೊಸ ಸಾಮಗ್ರಿಯಿಂದ, ಬೇಗ, ಕಡಿಮೆ ಖರ್ಚಿನಲ್ಲಿ ಮನೆ ಕಟ್ಟುವುದು ಹೇಗೆ ಎಂದು ವಾಸ್ತುಶಿಲ್ಪಿಗಳು ಮಾದರಿ ಮನೆ ಕಟ್ಟಿ ತೋರಿಸಬೇಕಿತ್ತು. ಇದರಲ್ಲಿ 8ನೇ ಸಂಖ್ಯೆಯ ಮನೆ ಈಮ್ಸ್ ದಂಪತಿ ತಮಗಾಗಿಯೇ ರೂಪಿಸಿದ್ದು.

ಜಾಗ ಲಾಸ್ ಏಂಜಲೀಸ್‌ನ ಪೆಸಿಫಿಕ್ ಪ್ಯಾಲಿಸೇಡ್ಸ್ ಎಂಬಲ್ಲಿ, ಕೆಳಗೆ ಶಾಂತ ಸಾಗರ ಕಾಣುವ ಎತ್ತರದ ಮೇಲೆ. ಮುಂದೆ ಹುಲ್ಲುಬಯಲು, ಹಿಂದೆ ಗುಡ್ಡದ ಇಳಿಜಾರು, ನಡುವೆ ನೀಲಗಿರಿ ಮರಗಳ ಸಾಲು. ಚಾರ್ಲ್ಸ್ ಮತ್ತು ಸಾರಿನೆನ್ ಹಾಕಿದ ಮೊದಲ ನಕ್ಷೆಯಲ್ಲಿ ಮನೆ ಇಳಿಜಾರಿನಿಂದ ಬಯಲಿನ ಮೇಲಕ್ಕೆ ಸೇತುವೆಯಂತೆ ಚಾಚಿಕೊಂಡಿತ್ತು. ಸಮುದ್ರ ಚೆನ್ನಾಗಿ ಕಾಣಬೇಕೆಂಬುದು ಉದ್ದೇಶ. ನಕ್ಷೆ ಪತ್ರಿಕೆಯಲ್ಲೂ ಅಚ್ಚಾಯಿತು.

ಆದರೆ ಯುದ್ಧದ ನಂತರದ ಅಭಾವದಿಂದಾಗಿ ಕಬ್ಬಿಣ ಬರಲಿಲ್ಲ. ಕಾದದ್ದು ಸುಮಾರು ಮೂರು ವರ್ಷ. ಆ ಕಾಲದಲ್ಲಿ ದಂಪತಿ ಮತ್ತೆ ಮತ್ತೆ ಆ ಬಯಲಿಗೆ ಹೋಗುತ್ತಿದ್ದರು. ಬುತ್ತಿ ಬಿಚ್ಚಿ ಉಣ್ಣುತ್ತಿದ್ದರು, ಬಿಲ್ಲು ಬಾಣದ ಆಟ ಆಡುತ್ತಿದ್ದರು, ಬಿಸಿಲು ನೆರಳು ಎಲ್ಲಿ ಬೀಳುತ್ತದೆ ಎಂದು ನೋಡುತ್ತಿದ್ದರು. ನೋಡುತ್ತಾ ನೋಡುತ್ತಾ ಒಂದು ಮಾತು ಹೊಳೆಯಿತು. ತಾವು ಮನೆ ಕಟ್ಟಹೊರಟಿರುವುದು ಈ ಬಯಲಿಗಾಗಿ, ಆದರೆ ಮನೆ ಎದ್ದ ಮೇಲೆ ಉಳಿಯದೇ ಇರುವುದು ಈ ಬಯಲೇ!

1948ರಲ್ಲಿ ಕಬ್ಬಿಣ ಬಂದಾಗ ಹಳೆಯ ನಕ್ಷೆಯನ್ನು ಬದಿಗಿಟ್ಟರು. ಮನೆಯನ್ನು ಹಿಂದಕ್ಕೆ ಸರಿಸಿ, ಇಳಿಜಾರಿನ ಬುಡಕ್ಕೆ ಒತ್ತಿ, ನೀಲಗಿರಿ ಮರಗಳ ಹಿಂದೆ ಉದ್ದಕ್ಕೆ ನಿಲ್ಲಿಸಿದರು. ಮಣ್ಣು ಜಾರದಂತೆ 8 ಅಡಿ ಎತ್ತರದ ಕಾಂಕ್ರೀಟ್ ಗೋಡೆ ಹಾಕಿದರು. ತರಿಸಿದ್ದ ಕಬ್ಬಿಣವನ್ನೇ ಹೊಸ ನಕ್ಷೆಗೂ ಬಳಸಿದರು. ಹೆಚ್ಚಿಗೆ ಬೇಕಾದದ್ದು ಒಂದೇ ಒಂದು ತೊಲೆ ಎಂದು ಹೇಳಲಾಗುತ್ತದೆ. ವಿಶೇಷವೆಂದರೆ ಹೊಸ ನಕ್ಷೆಯಲ್ಲಿ ಅಷ್ಟೇ ಕಬ್ಬಿಣದಲ್ಲಿ ಮೊದಲಿಗಿಂತ ಹೆಚ್ಚು ಜಾಗ ಸಿಕ್ಕಿತು. ಬಯಲು ಹಾಗೆಯೇ ಉಳಿಯಿತು.

ಪತ್ರಾ, ಗಾಜು ಮತ್ತು ಬಣ್ಣ

ಮನೆ ಸುಮಾರು 1,500 ಚದರ ಅಡಿ, ಪಕ್ಕದ ಕೆಲಸದ ಕಟ್ಟಡ ಸುಮಾರು 1,000 ಚದರ ಅಡಿ, ನಡುವೆ ತೆರೆದ ಅಂಗಳ. ಕಂಬ, ಜಂತಿ, ಕಿಟಕಿ ಚೌಕಟ್ಟು, ಮೇಲಿನ ಉಕ್ಕಿನ ಪತ್ರಾ ಎಲ್ಲವೂ ಕಾರ್ಖಾನೆಗಳ ಪಟ್ಟಿಯಿಂದ ಆರಿಸಿದ ಸಿದ್ಧ ಮಾಲು. ಗೋದಾಮು ಕಟ್ಟಲು ಬಳಸುವಂಥದ್ದು. ಐದು ಜನ ಸೇರಿ 16 ಗಂಟೆಗಳಲ್ಲಿ ಕಬ್ಬಿಣದ ಹಂದರ ನಿಲ್ಲಿಸಿದರು ಎಂಬುದು ದಾಖಲೆಯಲ್ಲಿದೆ. ಚೌಕಟ್ಟಿಗೆ ಕಪ್ಪು ಬಣ್ಣ, ನಡುನಡುವೆ ಗಾಜು, ಅಲ್ಲಲ್ಲಿ ಕೆಂಪು, ನೀಲಿ, ಬಿಳಿ ಹಲಗೆ. ಬೆಳಗಿನ ಬಿಸಿಲಿಗೆ ನೀಲಗಿರಿ ಎಲೆಗಳ ನೆರಳು ಗಾಜಿನ ಮೇಲೆ ಆಡುತ್ತದೆ. ಇದಕ್ಕಿಂತ ಬೇರೆ ಅಲಂಕಾರ ಬೇಕಿರಲಿಲ್ಲ. ಸರಳ ಗೆರೆ, ದೊಡ್ಡ ಗಾಜು, ತೆರೆದ ಒಳಾಂಗಣದ ಈ ಬಗೆಗೆ ಮುಂದೆ ಮಿಡ್ ಸೆಂಚುರಿ ಮಾಡರ್ನ್ ಎಂಬ ಹೆಸರು ಬಿತ್ತು.

1949ರ ಕ್ರಿಸ್ಮಸ್ ಹಿಂದಿನ ದಿನ ದಂಪತಿ ಹೊಸ ಮನೆಗೆ ಬಂದರು. ಹೊರಗಿನಿಂದ ಗೋದಾಮಿನ ಸಾಮಾನು, ಒಳಗೆ ಮಾತ್ರ ಊರ ಜಾತ್ರೆ! ಎರಡು ಅಂತಸ್ತು ಎತ್ತರದ ಪಡಸಾಲೆ, ಅದರ ಒಂದು ಮೂಲೆಯಲ್ಲಿ ಗೋಡೆಗೇ ಜೋಡಿಸಿದ ಸೋಫಾ, ಪುಸ್ತಕದ ಕಪಾಟು. ಮೆಕ್ಸಿಕೋದ ಗೊಂಬೆಗಳು, ಭಾರತದ ಬಟ್ಟೆ, ಸಮುದ್ರದ ಕಪ್ಪೆಚಿಪ್ಪು, ದಾರಿಯಲ್ಲಿ ಆಯ್ದ ಕಲ್ಲು, ಒಣಗಿದ ಗಿಡ. ಇವನ್ನೆಲ್ಲ ಯಾವುದರ ಪಕ್ಕ ಯಾವುದು ಇರಬೇಕೆಂದು ಜೋಡಿಸುವುದರಲ್ಲಿ ರೇ ಅವರ ಚಿತ್ರಕಾರ್ತಿಯ ಕಣ್ಣು ಕೆಲಸ ಮಾಡುತ್ತಿತ್ತು. 1951ರಲ್ಲಿ ಇದೇ ಪಡಸಾಲೆಯಲ್ಲಿ ಜಪಾನಿ ಪದ್ಧತಿಯ ಚಹಾ ಕೂಟ ನಡೆದಾಗ ನೆಲದ ಮೇಲೆ ಕೂತ ಅತಿಥಿಗಳಲ್ಲಿ ಚಾರ್ಲಿ ಚಾಪ್ಲಿನ್ ಕೂಡ ಇದ್ದರು.

ಹಾಗೆಂದು ಈ ಮನೆಯನ್ನು ಇದ್ದಂತೆಯೇ ತಂದು ನಂದೇಶ್ವರದಲ್ಲಿ ನಿಲ್ಲಿಸಿದರೆ ಆಗದು. ಅಲ್ಲಿಯದು ಕಡಲ ತಂಪು ಗಾಳಿ, ಇಲ್ಲಿಯದು ಬೇಸಿಗೆಯ ಉರಿ. ಪತ್ರಾದ ಕೆಳಗೆ ಏಪ್ರಿಲ್ ಕಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಿರಿಯರ ದಪ್ಪ ಗೋಡೆಯ ಮಣ್ಣಿನ ಮಾಳಿಗೆ ಮನೆ ಈ ನೆಲಕ್ಕೆ ಹೊಂದಿದ್ದೇ ಆಗಿತ್ತು. ಈಮ್ಸ್ ಅವರಿಂದ ಕಲಿಯಬೇಕಾದದ್ದು ಗಾಜಿನ ಗೋಡೆಯಲ್ಲ, ಪಾಯ ತೋಡುವ ಮೊದಲು ಜಾಗವನ್ನು ನೋಡುವ ತಾಳ್ಮೆ.

ತಂಬಿಗೆ ಕಲಿಸಿದ ಪಾಠ

ಭಾರತಕ್ಕೆ ಬಂದಾಗಲೂ ಅವರು ಮಾಡಿದ್ದು ಅದನ್ನೇ. ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ನಡೆದ ಆ ಪ್ರವಾಸದ ಉದ್ದೇಶ, ಸ್ವತಂತ್ರ ದೇಶದಲ್ಲಿ ಕಾರ್ಖಾನೆ ಮಾಲು ಹೆಚ್ಚಿದಂತೆ ಅದರ ಗುಣಮಟ್ಟ ಕೆಡದಂತೆ ಏನು ಮಾಡಬೇಕೆಂದು ಸಲಹೆ ಕೊಡುವುದು. ತಂಬಿಗೆಯನ್ನು ಮುಂದಿಟ್ಟುಕೊಂಡು ಅವರು ಪ್ರಶ್ನೆಗಳ ಪಟ್ಟಿಯನ್ನೇ ಮಾಡಿದರು. ಎಷ್ಟು ನೀರು ಹಿಡಿಯಬೇಕು? ತಲೆಯ ಮೇಲೋ ಸೊಂಟದ ಮೇಲೋ ಹೊರುವುದು? ತುಂಬಿದಾಗ, ಬರಿದಾದಾಗ ತೂಕ ಹೇಗೆ? ಒಳಗೆ ಕೈ ಹಾಕಿ ತಿಕ್ಕಲು ಬರುತ್ತದೆಯೇ? ಬೆಲೆ ಎಷ್ಟು, ಹಳೆಯದಾದ ಮೇಲೆ ಲೋಹಕ್ಕೆ ಎಷ್ಟು ಸಿಗುತ್ತದೆ? ಇವೆಲ್ಲಕ್ಕೂ ಉತ್ತರವಾಗಿ ನಿಂತ ಈ ವಸ್ತುವನ್ನು ಯಾವ ಒಬ್ಬ ಮನುಷ್ಯನೂ ರೂಪಿಸಿದ್ದಲ್ಲ, ತಲೆತಲಾಂತರದ ಕೈಗಳು ತಿದ್ದಿ ತಿದ್ದಿ ಮಾಡಿದ್ದು ಎಂಬುದು ಅವರ ವರದಿಯ ಸಾರ.

ಆ ವರದಿಯ ಬುನಾದಿಯ ಮೇಲೆ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಸ್ಥಾಪನೆಯಾಯಿತು. ನೆಹರೂ ನಿಧನದ ನಂತರ 1965ರಲ್ಲಿ ಅವರ ಬದುಕಿನ ಪ್ರದರ್ಶನವನ್ನು ಈಮ್ಸ್ ದಂಪತಿ ಇದೇ ಸಂಸ್ಥೆಯೊಂದಿಗೆ ಸೇರಿ ರೂಪಿಸಿದರು.

ಒಂದು ಅನ್ಯಾಯವನ್ನೂ ಹೇಳಲೇಬೇಕು. ಕೆಲಸ ಇಬ್ಬರದಾದರೂ ಹೆಸರು ಬಹಳ ಕಾಲ ಒಬ್ಬರದೇ ಆಗಿತ್ತು. 1946ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಪೀಠೋಪಕರಣ ಪ್ರದರ್ಶನ ಚಾರ್ಲ್ಸ್ ಒಬ್ಬರ ಹೆಸರಿನಲ್ಲೇ ನಡೆಯಿತು. ರೇ ಅವರ ಪಾಲು ಎಷ್ಟು ದೊಡ್ಡದೆಂದು ಜಗತ್ತು ಒಪ್ಪಿಕೊಳ್ಳಲು ದಶಕಗಳೇ ಬೇಕಾದವು. ಮನೆಯ ಯಜಮಾನನ ಹೆಸರು ಬಾಗಿಲ ಮೇಲೆ, ಮನೆ ನಡೆಸಿದವಳ ಹೆಸರು ಎಲ್ಲೂ ಇಲ್ಲ ಎಂಬ ಕಥೆ ಅಮೆರಿಕಕ್ಕೂ ಹೊಸದಲ್ಲ.

ಚಾರ್ಲ್ಸ್ 1978ರ ಆಗಸ್ಟ್ 21ರಂದು ಹುಟ್ಟೂರಾದ ಸೇಂಟ್ ಲೂಯಿಸ್‌ಗೆ ಹೋಗಿದ್ದಾಗ ಹೃದಯಾಘಾತದಿಂದ ತೀರಿಕೊಂಡರು. ರೇ ಅದೇ ಮನೆಯಲ್ಲಿ ಬಾಳಿ, ಇಬ್ಬರ ಕೆಲಸದ ಕಾಗದ ಪತ್ರ, ಚಿತ್ರಗಳನ್ನು ಒಪ್ಪಓರಣ ಮಾಡಿದರು. ಅವರು ಕಣ್ಣುಮುಚ್ಚಿದ್ದು 1988ರ ಆಗಸ್ಟ್ 21ರಂದು, ಪತಿ ಹೋಗಿ ಸರಿಯಾಗಿ ಹತ್ತು ವರ್ಷಕ್ಕೆ, ಅದೇ ದಿನ.

ಮಗಳು ಲೂಸಿಯಾ 2004ರಲ್ಲಿ ಪ್ರತಿಷ್ಠಾನ ಸ್ಥಾಪಿಸಿ ಮನೆಯನ್ನು ಕಾಪಾಡಿದರು. 2006ರಲ್ಲಿ ಅದು ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ಸ್ಮಾರಕವಾಯಿತು. 2025ರ ಜನವರಿಯಲ್ಲಿ ಎದ್ದ ಕಾಡ್ಗಿಚ್ಚು ಪೆಸಿಫಿಕ್ ಪ್ಯಾಲಿಸೇಡ್ಸ್‌ನ ಸಾವಿರಾರು ಕಟ್ಟಡಗಳನ್ನು ಸುಟ್ಟಿತು. ಈ ಮನೆಗೆ ಹೊಗೆ ಮಾತ್ರ ತಾಕಿತು. ತೊಳೆದು ಒರೆಸಿ ಅದೇ ವರ್ಷ ಜುಲೈನಲ್ಲಿ ಮತ್ತೆ ಜನರಿಗೆ ಬಾಗಿಲು ತೆರೆಯಲಾಯಿತು.

ಮನೆಯ ಮುಂದಿನ ಆ ಹುಲ್ಲುಬಯಲು ಅವರು ಬಿಟ್ಟುಕೊಟ್ಟಲ್ಲೇ ಇದೆ.